ಬ್ರೇಕೂ ಮೇಸ್ತ್ರಿಯ ‘ಬಿಡ್ರಿ’ಯೂ

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬಾಣಂತನ ಮುಗಿಸಿದ ಹೆಂಡತಿಯನ್ನೂ ಐದು ತಿಂಗಳ ಮಗಳನ್ನೂ ಶಿಕಾರಿಪುರಕ್ಕೆ ಕರೆತರಲು ಸೊರಬಕ್ಕೆ ಹೋಗಿದ್ದೆ. ಮಾವನವರ ಅಂಗಳದಲ್ಲಿ ನನ್ನ ಹಳೇ ಕಾರು ನಿಲ್ಲಬೇಕಾದಲ್ಲಿ ನಿಲ್ಲದೆ ಹುಲ್ಲಿನ ಬಣವೆಗೆ ಮೂತಿ ತೂರಿಸಿತು. “ಬ್ರೇಕ್ ಸರಿ ಮಾಡಿಸ್ಕಂಡು ಬನ್ನಿ. ಅಲ್ಲೀವರೆಗೆ ಮಗು ಇಲ್ಲೇ ಇರ್ಲಿ” ಅಂದರು ಮಾವ. ಬಸ್ಸಿನಲ್ಲಿ ಕರೆದೊಯ್ಯಬಹುದಿತ್ತು, ಕಾರು ಕೊಂಡವನ ಜಂಬ ಬಿಡಬೇಕಲ್ಲ! ಹ್ಯಾಂಡ್ ಬ್ರೇಕನ್ನೇ ನಂಬಿ ಒಬ್ಬನೇ ವಾಪಸು ಬಂದೆ.

ಶಿಕಾರಿಪುರದಲ್ಲಿ ನನಗೆ ಗೊತ್ತಿದ್ದ ಕಾರು ಮೇಸ್ತ್ರಿ ಒಬ್ಬರೇ. “ಪೈಪಿನಾಗೆ ಗಾಳಿ ಸೇರೈತಿ. ಹೊರಗ ಹಾಕಿದ್ರ ಆತು” ಅಂದರು. ಕೆಲಸ ಇಬ್ಬರದು. ನಾನು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಅವರು ಕೆಳಗೆ ಮಲಗಿ, ಚಕ್ರದ ಹತ್ತಿರದ ಸಣ್ಣ ನಟ್ಟು ಸಡಿಲಿಸಿ, ಎಣ್ಣೆಯ ಜೊತೆ ಗಾಳಿ ಹೋದ ಮೇಲೆ ಬಿಗಿ ಮಾಡಬೇಕು. ಆಮೇಲೆ ನಾನು ಕಾಲು ಬಿಡಬೇಕು.

ಒತ್ತಿದೆ. “ಗುಳ್ಳಿ ಬಂತು ಬಿಡ್ರಿ” ಅಂದರು. ಬಿಟ್ಟೆ. ಮತ್ತೆ ಒತ್ತಿದೆ. “ಇನ್ನೊಂಚೂರು ಐತಿ ಬಿಡ್ರಿ.” ಬಿಟ್ಟೆ. ಸಂಜೆಯಾದರೂ ಪೆಡಲ್ ಹಿಟ್ಟು ತುಳಿದ ಹಾಗೆ ಮೆತ್ತಗೆ. ಎರಡನೇ ದಿನ ರಬ್ಬರ್ ವಾಷರ್ ಎಲ್ಲ ಬದಲಾಯಿಸಿದರು. ಅದೇ ಕಥೆ. ಸೋರುತ್ತಿದೆಯೇ ಅಂತ ತಡಕಿದರೆ ಎಲ್ಲೂ ಒದ್ದೆಯಿಲ್ಲ. ಗಾಳಿ ಎಲ್ಲಿಂದ ಬರುತ್ತದೆಂದು ಇಬ್ಬರಿಗೂ ತಿಳಿಯದು. ತಲೆ ಕೆಟ್ಟುಹೋಯಿತು. ಈ ಮನುಷ್ಯನಿಗೆ ಕೆಲಸವೇ ಬರುವುದಿಲ್ಲ ಅಂತ ಒಳಗೊಳಗೇ ಬೈದುಕೊಂಡೆ. ಮಗಳು ಅಷ್ಟರಲ್ಲಿ ನನ್ನ ಮುಖ ಮರೆತಾಳೆಂಬ ಭಯ ಬೇರೆ.

ಮೂರನೇ ದಿನ ಕೆಳಗಿನಿಂದ “ಮಳಿ ಬರಂಗೈತಿ ಬಿಡ್ರಿ” ಅಂದರು. ಮಳೆಗೂ ಪೆಡಲಿಗೂ ಏನು ಸಂಬಂಧವೋ ಹೊಳೆಯಲಿಲ್ಲ, ಆದರೂ ಬಿಟ್ಟೆ. ಬಿಗಿಯಾಗದ ನಟ್ಟಿನ ಬಾಯಿಂದ ಪೈಪು ಸೊರ್ರೆಂದು ಗಾಳಿ ಎಳೆದುಕೊಂಡಿತು. ಮೇಸ್ತ್ರಿ ತೆವಳಿ ಹೊರಗೆ ಬಂದರು. ಗಾಬರಿಯಲ್ಲಿ ಮತ್ತೆ ಪೆಡಲ್ ಒತ್ತಿಕೊಂಡೆ.

“ಬಿಗಿ ಮಾಡೋಕ್ಕಿಂತ ಮೊದ್ಲ ಯಾಕ್ರೀ ಕಾಲು ತೆಗೀತೀರಿ?”

“ನೀವೇ ಬಿಡ್ರಿ ಅಂದ್ರಲ್ಲ!”

“ಅದು ಸುಮ್ನೆ ಬಾಯಿಗೆ ಬರೋ ಮಾತು ಬಿಡ್ರಿ!”

ನನ್ನ ಕಾಲು ತಾನಾಗಿ ಮೇಲೆದ್ದಿತು.

“ಎತ್ರಿ” ಅಂದಾಗ ಮಾತ್ರ ಕಾಲೆತ್ತುವುದೆಂದು ಠರಾವಾಯಿತು. ಅರ್ಧ ಗಂಟೆಯಲ್ಲಿ ಪೆಡಲ್ ಗಟ್ಟಿಯಾಯಿತು.

ಮರುದಿನ ಸೊರಬದಲ್ಲಿ ಕಾರು ಬಣವೆಗಿಂತ ಒಂದು ಮಾರು ಈಚೆಗೇ ನಿಂತಿತು. ಹೆಂಡತಿ ಮಗುವನ್ನೆತ್ತಿಕೊಂಡು ಹತ್ತಿ ಕೂತಳು. ಇಳಿಜಾರು ಅಂಗಳ, ನಾನು ಇಂಜಿನ್ ಚಾಲು ಮಾಡಿ ಬ್ರೇಕ್ ಒತ್ತಿ ಹಿಡಿದೆ. ಕಿಟಕಿಯೊಳಗೆ ಕೈ ಹಾಕಿ ಮೊಮ್ಮಗಳ ಪಾದ ಹಿಡಿದ ಮಾವ, ಹಿಡಿದೇ ಇದ್ದರು. ಇವರಿಗೆ ಬ್ರೇಕಿನದೊಂದು ನೆಪವಾಗಿತ್ತೇನೋ ಅಂತ ನನಗೆ ಆಗ ಅನ್ನಿಸಿತು.

“ಬಿಡಿ” ಅಂದಳು ಹೆಂಡತಿ, ತಲೆಯೆತ್ತದೆ.

ಅಪ್ಪನನ್ನೂ ನನ್ನನ್ನೂ ಬಹುವಚನದಲ್ಲೇ ಮಾತಾಡಿಸುವವಳು. ಯಾರಿಗೆ ಹೇಳಿದಳೋ, ಇವತ್ತಿಗೂ ಗೊತ್ತಿಲ್ಲ. ಮಾವ ಕೈ ತೆಗೆಯುವವರೆಗೆ ನಾನು ಕಾಲು ತೆಗೆಯಲಿಲ್ಲ.