ಹಗೇವಿನ ಬಾಯಲ್ಲಿ ಟೀಚರ್

ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಟೀಚರ್ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಉಬ್ಬಿದ ದೋಸೆಹಿಟ್ಟಿನ ಡಬ್ಬಿ ತಂದು ನಮ್ಮ ಮೂಗಿಗೆ ಹಿಡಿಯುತ್ತಿದ್ದರು. "ಗಾಳಿ ಇಲ್ದನೂ ಇದರಾಗಿನ ಜೀವಕೋಶ ಸಕ್ಕರೆ ಒಡದು ಶಕ್ತಿ ಮಾಡ್ಕಂತೈತೆ. ಆದ್ರ ಅದು ಬಿಡೋ ಅನಿಲಾನ ಮರೀಬ್ಯಾಡ್ರಿ." ಆ ಕೊನೆಯ ಮಾತನ್ನು ಎಷ್ಟು ಸಲ ಹೇಳಿದರೂ ಅವರಿಗೆ ಸಾಕಾಗುತ್ತಿರಲಿಲ್ಲ.

ಒಂದು ಭಾನುವಾರ ಹದಡಿಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನೆಲದೊಳಗೆ ಜೋಳ ತುಂಬಿಟ್ಟ ಆಳದ ಗುಂಡಿ, ಅಂದರೆ ಹಗೇವಿನ ಬಾಯನ್ನು ಚಿಕ್ಕಪ್ಪ ಆಗಷ್ಟೇ ತೆಗೆದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಾಲು ಇಳಿಬಿಟ್ಟಿದ್ದರು. ಒಳಗಿಂದ ಹುಳಿ ವಾಸನೆ ಬಂತು. ಟೀಚರ್ ಓಡಿಹೋಗಿ ಅವರ ತೋಳು ಹಿಡಿದರು.

"ಇಳೀಬ್ಯಾಡ್ರಿ. ಜೋಳ ನೀರು ಕುಡದು ಹುಳಿ ಬಂದೈತೆ. ಒಳಗ ಉಸಿರಾಡೋ ಗಾಳಿ ಉಳದಿರಲ್ಲ."

"ಪ್ರತಿ ವರ್ಷ ಇಳಿತೀನ್ರಿ ಟೀಚರ್ರ," ಎಂದರು ಚಿಕ್ಕಪ್ಪ.

"ಮೊದ್ಲು ಕಂದೀಲು ಇಳಿಸ್ರಿ."

ಅರ್ಧ ಆಳಕ್ಕೆ ಹೋಗುವಷ್ಟರಲ್ಲಿ ಕಂದೀಲು ಆರಿತು. ಹಚ್ಚಿ ಮತ್ತೆ ಇಳಿಸಿದರು, ಮತ್ತೆ ಆರಿತು. ಚಿಕ್ಕಪ್ಪ ಕಾಲು ಮೇಲೆ ಎಳೆದುಕೊಂಡು ಹಗ್ಗ ಬಿಚ್ಚಿದರು.

ಊಟಕ್ಕೆ ಕೂತಾಗ ಟೀಚರ್ ರೊಟ್ಟಿ ಮುರಿಯದೆ ಹಗೇವಿನ ಕಡೆಗೇ ನೋಡುತ್ತಿದ್ದರು. ಚಿಕ್ಕಮ್ಮ ಪಕ್ಕದಲ್ಲಿ ಕೂತು ರೊಟ್ಟಿ ಮುರಿದು ಮುರಿದು ಅವರ ತಟ್ಟೆಗೆ ಇಡುತ್ತಿದ್ದಳು.