ಲಿಗಾಯಾ ತಡವಾಗಿ ಪಡೆದ ಪರವಾನಗಿ

"ಬೆರಳು ಸಡಿಲ ಬಿಡಿ ಅಜ್ಜೀ, ಹಠ ಮಾಡ್ಬೇಡಿ. ಮಗಳು ಬಂದು ಮೊದಲು ಹಿಡ್ಕೊಳ್ಳೋದು ಈ ಕೈನೇ."

ಲೆಮೆರಿ ಪೇಟೆಯ ಶವಸಂಸ್ಕಾರದ ಅಂಗಡಿಯೊಂದರ ಒಳಕೋಣೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೇಜಿನ ಮೇಲೆ ಮಲಗಿರುವ ಅಜ್ಜಿಯ ಬಲಗೈಯನ್ನು ಲಿಗಾಯಾ ಡಿಮಾಯುಗಾ ತಮ್ಮ ಎರಡೂ ಕೈಯಲ್ಲಿ ಹಿಡಿದು, ಮಣಿಕಟ್ಟಿನಿಂದ ಕೆಳಕ್ಕೆ ಮೆಲ್ಲಗೆ ತಿಕ್ಕುತ್ತಿದ್ದಾರೆ. ಕುತ್ತಿಗೆಯ ರಕ್ತನಾಳದಿಂದ ಒಳಗೆ ಹೋಗುತ್ತಿರುವ, ದೇಹ ಕೆಡದಂತೆ ಕಾಯುವ ಔಷಧ ಬೆರಳ ತುದಿ ಮುಟ್ಟಬೇಕಾದರೆ ಹೀಗೆ ತಿಕ್ಕಲೇಬೇಕು. ಅಜ್ಜಿ ಬದುಕಿಡೀ ಒಣಮೀನು ಮಾರಿದವರು. ಮಗಳು ರಿಯಾದ್‌ನಲ್ಲಿ ಮನೆಗೆಲಸಕ್ಕಿದ್ದಾಳೆ. ಅವಳಿಗೆ ರಜೆ ಸಿಕ್ಕಿ, ವಿಮಾನ ಹತ್ತಿ, ಊರು ಸೇರುವವರೆಗೆ ತಾಯಿ ಕಾಯಬೇಕು. ಹಾಗೆ ಕಾಯಿಸುವುದೇ ಲಿಗಾಯಾ ಅವರ ಕೆಲಸ.

ನಿಧಾನಕ್ಕೆ ಉಗುರಿನ ಕೆಳಗೆ ತಿಳಿಗೆಂಪು ಮೂಡುತ್ತದೆ. "ಬಂತು ನೋಡಿ," ಎನ್ನುತ್ತಾರೆ ಅವರು, ಅಜ್ಜಿಗೇ ಹೇಳುವಂತೆ. ಆಮೇಲೆ ಎಡಗೈಗೆ ಕೈ ಹಾಕುತ್ತಾರೆ.

ಈ ಊರಲ್ಲಿ ಸಾವಿನ ಮನೆಯವರು ಯಾರಿಗೂ ಉಪಕಾರವಾಯಿತು ಎನ್ನುವಂತಿಲ್ಲ, ಬಂದವರನ್ನು ಬಾಗಿಲತನಕ ಕಳಿಸಿಕೊಡುವಂತೆಯೂ ಇಲ್ಲ. ಹಾಗೆ ಮಾಡಿದರೆ ಸಾವು ಮತ್ತೆ ಮನೆ ಹುಡುಕಿಕೊಂಡು ಬರುತ್ತದೆಂಬ ಭಯ. ಹೀಗಾಗಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ಕೆಲಸ ಮಾಡಿದ ಲಿಗಾಯಾ ಅವರಿಗೆ ಯಾರೂ ಬಾಯಿಬಿಟ್ಟು ಒಂದು ಒಳ್ಳೆಯ ಮಾತು ಹೇಳಿದ್ದಿಲ್ಲ. ಅವರಿಗೆ ಅದರ ಬೇಸರವೂ ಇಲ್ಲ. ಬೇಸರ ಇರುವುದು ಬೇರೆಯದಕ್ಕೆ.

ಕೆಲಸ ಮುಗಿಸಿದವರು ನೇರ ಮನೆಗೆ ಹೋಗುವುದಿಲ್ಲ. ಸತ್ತವರು ಬೆನ್ನಿಗೆ ಅಂಟಿಕೊಂಡು ಬರಬಾರದೆಂದು ನಡುವೆ ಎಲ್ಲಾದರೂ ನಿಲ್ಲಲೇಬೇಕು. ಅವರು ನಿಲ್ಲುವುದು ಮೂಲೆಯ ಬ್ರೆಡ್ಡಿನ ಅಂಗಡಿಯಲ್ಲಿ. ಅಂಗಡಿಯ ಟೆಸಿಂಗ್ ದಿನಾ ಒಂದೇ ತಮಾಷೆ ಮಾಡುತ್ತಾಳೆ.

"ಬಂದ್ಯಾ ಅಕ್ಕಾ? ಇವತ್ತು ಎಷ್ಟು ಜನಾನ ನನ್ನ ಅಂಗ್ಡೀಲಿ ಬಿಟ್ಟು ಹೋಗ್ತೀಯಾ?"

"ಒಬ್ರೇ ಕಣೇ. ಒಣಮೀನಿನೋರು. ಬ್ರೆಡ್ಡಿಗೆ ಒಳ್ಳೆ ಜೊತೆ."

"ಥೂ, ನಿನ್ನ ಬಾಯಿಗಿಷ್ಟು!" ಎಂದು ಬೈಯುತ್ತಲೇ ಟೆಸಿಂಗ್ ಕಡುಕಾಫಿಯ ಲೋಟ ಮುಂದಿಡುತ್ತಾಳೆ.

ಲಿಗಾಯಾ ಮೊದಲು ಇದೇ ಬೀದಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದರು. ಒಂದು ದಿನ ಮಾಂಗ್ ಸೆವೆರೊ ಬಾಗಿಲಲ್ಲಿ ನಿಂತರು. ಊರಿನಲ್ಲಿ ಶವ ಕಾಪಿಡುವ ಪರವಾನಗಿ ಇದ್ದದ್ದು ಅವರೊಬ್ಬರಿಗೇ. ದೊಡ್ಡ ದೇಹ, ಅದಕ್ಕಿಂತ ದೊಡ್ಡ ಮೀಸೆ. ತೀರಿಕೊಂಡ ಟೀಚರೊಬ್ಬರಿಗೆ ತಲೆ ಬಾಚಿ, ತುಟಿಗೆ ಬಣ್ಣ ಹಚ್ಚಿಕೊಡುತ್ತೀಯಾ ಎಂದು ಕೇಳಿದರು. ಅಳುಕುತ್ತಲೇ ಹೋದ ಲಿಗಾಯಾ ಮುಂದಿನ ವಾರ ಮತ್ತೆ ಹೋದರು. ಕೊನೆಗೆ ಪಾರ್ಲರ್ ಮುಚ್ಚಿ ಅಲ್ಲೇ ಉಳಿದರು. ನಾಳ ಹುಡುಕುವುದು, ಔಷಧ ಬೆರೆಸುವುದು, ಸತ್ತವರ ತೆರೆದ ಬಾಯಿ ಮುಚ್ಚುವುದು, ಎಲ್ಲವನ್ನೂ ಸೆವೆರೊ ಪಕ್ಕದಲ್ಲಿ ನಿಂತು ಕಲಿಸಿದರು. ಅವರ ಪರವಾನಗಿಯ ನೆರಳಲ್ಲಿ ಅವರ ಶಿಷ್ಯೆ ಕೆಲಸ ಮಾಡಬಹುದಿತ್ತು. ಸ್ವಂತ ಪರವಾನಗಿ ಬೇಕೆಂದರೆ ನಗರದಲ್ಲಿ ತರಬೇತಿಗೆ ಕೂರಬೇಕು, ಬರವಣಿಗೆಯ ಪರೀಕ್ಷೆ ಪಾಸಾಗಬೇಕು, ಪರೀಕ್ಷಕರ ಮುಂದೆ ನಿಂತು ಬಾಯಲ್ಲಿ ಉತ್ತರ ಹೇಳಬೇಕು, ಅವರ ಕಣ್ಣೆದುರೇ ಒಂದು ದೇಹವನ್ನು ಸಿದ್ಧಮಾಡಿ ತೋರಿಸಬೇಕು.

"ಕೈ ಕೆಲ್ಸಕ್ಕೆ ನಾನು ಹೆದರಿದೋಳಲ್ಲ. ಬಾಯಲ್ಲಿ ಹೇಳು ಅಂದ್ರೆ ನನ್ನ ನಾಲಿಗೆ ಕಟ್ಕೊಂಡು ಹೋಗುತ್ತೆ. ಸೆವೆರೊ ವರ್ಷಾ ವರ್ಷಾ ಕೇಳೋರು, ನಾನು ಮುಂದಿನ ವರ್ಷ ಅನ್ನೋಳು," ಎನ್ನುತ್ತಾರೆ ಲಿಗಾಯಾ.

ಸೆವೆರೊ ಅವರದು ಒಂದೇ ಬೇಡಿಕೆ. "ಏಯ್, ನಾನು ಸತ್ರೆ ನನ್ನನ್ನ ನೀನೇ ಸಿದ್ಧ ಮಾಡ್ಬೇಕು. ಬೇರೆಯೋನ ಕೈಗೆ ಕೊಟ್ಯೋ, ರಾತ್ರಿ ಬಂದು ಕಾಲೆಳೀತೀನಿ." ಲಿಗಾಯಾ ನಕ್ಕು ಮಾತು ಕೊಟ್ಟಿದ್ದರು.

ಮೂರು ವರ್ಷದ ಹಿಂದೆ, ಊಟಕ್ಕೆ ಕೂತಲ್ಲೇ ಸೆವೆರೊ ಕುಸಿದರು. ಸುದ್ದಿ ಕೇಳಿ ಲಿಗಾಯಾ ಗವಸು ಹಾಕಿಕೊಂಡು ಒಳಕೋಣೆಗೆ ಬಂದರೆ, ಅಂಗಡಿಯ ಮಾಲೀಕರು ಬಾಗಿಲಿಗೆ ಅಡ್ಡ ನಿಂತಿದ್ದರು.

"ಪರವಾನಗಿ ಇದ್ದೋನೇ ಒಳಗೆ ಮಲಗಿದಾನಲ್ಲಮ್ಮಾ. ಈಗ ನೀನು ಮುಟ್ಟಿದ್ರೆ ನನ್ನ ಅಂಗ್ಡಿಗೆ ಬೀಗ ಬೀಳುತ್ತೆ. ನಗರದಿಂದ ಒಬ್ಬನನ್ನ ಕರೆಸಿದೀನಿ."

ನಗರದವನು ಬಂದ. ಲಿಗಾಯಾ ಸಿಟ್ಟಿನಿಂದ ಹಿತ್ತಲಿಗೆ ಹೋಗಿ ಕೂತರು. ಅವನಿಗೆ ಕಾಫಿಯನ್ನೂ ಕೊಡಲಿಲ್ಲ, ಮಾತನ್ನೂ ಆಡಲಿಲ್ಲ. ಅವನು ಕೆಟ್ಟ ಕೆಲಸಗಾರನೇನಲ್ಲ. ಗಂಡಸರ ಮುಖವನ್ನು ನುಣ್ಣಗೆ ಬೋಳಿಸುವುದು ಈ ಕಸುಬಿನ ರೂಢಿ, ಅವನು ರೂಢಿಯಂತೆ ಬೋಳಿಸಿದ. ಮೀಸೆಯೂ ಹೋಯಿತು.

"ಮೀಸೆ ಬಿಡಪ್ಪಾ ಅಂತ ಒಂದು ಮಾತು. ಅಷ್ಟೇ ಸಾಕಿತ್ತು. ಹಿತ್ತಲ ಬಾಗ್ಲು ಹತ್ರನೇ ಇದ್ದೆ. ಹೇಳ್ಲಿಲ್ಲ," ಎನ್ನುತ್ತಾರೆ ಲಿಗಾಯಾ. ಇಲ್ಲಿಗೆ ಬಂದಾಗ ಅವರ ದನಿ ತಗ್ಗುತ್ತದೆ.

ಸೆವೆರೊ ಅವರ ಮನೆಯಲ್ಲಿಟ್ಟ ಶವಪೆಟ್ಟಿಗೆಯ ಗಾಜಿನೊಳಗೆ ಬಗ್ಗಿ ನೋಡಿದವರೆಲ್ಲ ಒಂದು ಗಳಿಗೆ ತಬ್ಬಿಬ್ಬಾದರು. ಹೆಣ ಕಾಯುವ ಜಾಗರಣೆಗೆಂದು ಅಂಗಳದ ಟಾರ್ಪಾಲಿನಡಿ ಇಸ್ಪೀಟು ಆಡುತ್ತಿದ್ದ ಮುದುಕನೊಬ್ಬ ತಪ್ಪು ಮನೆಗೆ ಬಂದೆನೇನೋ ಎಂದೇಬಿಟ್ಟ. ಮೀಸೆ ಅಂಟಿಸಿಕೊಡುತ್ತೇನೆ, ಗಾಜು ತೆಗೆಯಿರಿ ಎಂದು ಲಿಗಾಯಾ ಅಂಗಲಾಚಿದರು. ಮಾಲೀಕರು ಒಪ್ಪಲಿಲ್ಲ. ಮಣ್ಣು ಮಾಡುವವರೆಗಿನ ಆ ವಾರವಿಡೀ ಲಿಗಾಯಾ ಪೆಟ್ಟಿಗೆಯ ಪಕ್ಕ ಕೂತು, ಜನ ಮುಟ್ಟಿ ಮುಟ್ಟಿ ಮಸುಕಾದ ಗಾಜನ್ನು ಹೊರಗಿನಿಂದ ಒರೆಸಿದರು. ತಮ್ಮ ಗುರುವಿಗೆ ಅವರು ಮಾಡಲಾದದ್ದು ಅಷ್ಟೇ.

ಅದರ ಮುಂದಿನ ವರ್ಷವೇ ಲಿಗಾಯಾ ಪರೀಕ್ಷೆಗೆ ಕೂತರು. ಬಾಯಿಪರೀಕ್ಷೆಯಲ್ಲಿ ನಾಲಿಗೆ ಎರಡು ಸಲ ತಡವರಿಸಿತು, ಆದರೂ ಪಾಸಾದರು. "ಇಷ್ಟೇನಾ ಅನ್ನಿಸ್ತು. ಇಷ್ಟಕ್ಕಾ ನಾನು ಅಷ್ಟು ವರ್ಷ ಹೆದರಿದ್ದು?" ಈಗ ಅಂಗಡಿಯ ಗೋಡೆಯ ಮೇಲೆ ತೂಗುವ ಪರವಾನಗಿ ಅವರದೇ. ಸುತ್ತಲಿನ ಹಳ್ಳಿಗಳಿಂದಲೂ ದೇಹಗಳು ಬರುತ್ತವೆ, ಕೆಲವು ದಿನ ಒಂದರ ಹಿಂದೆ ಒಂದು. ಗಂಡಸರಾದರೆ, ಕ್ಷೌರದ ಕತ್ತಿ ಹಿಡಿಯುವ ಮೊದಲು ಲಿಗಾಯಾ ಹೊರಗೆ ಬಂದು ಮನೆಯವರನ್ನು ಕೇಳುತ್ತಾರೆ.

ಇವತ್ತು ಕಾಫಿ ಮುಗಿದರೂ ಅವರು ಏಳುವುದಿಲ್ಲ. ಸೆವೆರೊ ಅವರ ಹೆಂಡತಿ ಆಲಿಂಗ್ ಪುರಿಂಗ್ ನೆನಪಾಗಿದ್ದಾರೆ.

"ಮಣ್ಣು ಮಾಡೋ ಹಿಂದಿನ ದಿನ ಪುರಿಂಗ್ ನನ್ನ ಪಕ್ಕ ಬಂದು ಕೂತ್ರು. ಬೈತಾರೆ ಅಂದ್ಕೊಂಡೆ. ಬೈದಿದ್ರೆ ಚೆನ್ನಾಗಿತ್ತು. ನನ್ನ ಕೈಲಿದ್ದ ಬಟ್ಟೆ ತಗೊಂಡು ತಾವೂ ಗಾಜು ಒರೆಸಿದ್ರು. 'ಅಳ್ಬೇಡ ಲಿಗಾಯಾ, ನೋಡು, ಮದುವೆ ದಿನ ಹೀಗೇ ಇದ್ರು, ನುಣ್ಣಗೆ. ನನಗೆ ಆ ಹುಡುಗ ಮತ್ತೆ ಸಿಕ್ಕಂಗಾಯ್ತು' ಅಂದ್ರು. ನಾನು ಅವರ ಮನೇಲಿ ಎಷ್ಟು ಸಲ ಉಂಡಿಲ್ಲ? ಮದುವೆ ಫೋಟೊ ಊಟದ ಮೇಜಿನ ಎದುರಿಗೇ ಇದೆ. ಅದ್ರಲ್ಲೂ ಮೀಸೆ ಇದೆ. ಗಂಡನ ಹೆಣದ ಪಕ್ಕ ಕೂತು ಆ ಹೆಂಗ್ಸು ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದ್ಲು. ಸೆವೆರೊ ಹೋಗೋಕೆ ಒಂದೇ ಒಂದು ವರ್ಷ ಮೊದಲು ನಾನು ಪರೀಕ್ಷೆಗೆ ಕೂತಿದ್ದಿದ್ರೆ, ಪಾಪ, ಆಕೆ ಆರಾಮಾಗಿ ಅತ್ಕೋಬಹುದಿತ್ತು."