ಅಂಗಾಲಿನ ಚುಕ್ಕೆಯೂ ಡಾಕ್ಟರಬಾಯಿಯೂ

ಚರ್ಮರೋಗದ ಡಾಕ್ಟರಬಾಯಿಯವರ ಬಲಗೈ ಹೆಬ್ಬೆರಳು ಸದಾ ಕೊಬ್ಬರಿ ಎಣ್ಣೆಯಿಂದ ಮಿಂಚುತ್ತಿತ್ತು. ಬಜಿ ತಿಂದು ಕೈ ತೊಳೆಯದೆ ಬಂದಿದ್ದಾರೆಂದು ಹೊಸಬರು ಮುಸಿಮುಸಿ ನಗುತ್ತಿದ್ದರು. ಕಲೆಯ ಮೇಲೆ ಒಂದು ಹನಿ ಎಣ್ಣೆ ಸವರಿ, ಪುಟ್ಟ ದೀಪವಿದ್ದ ಮಸೂರವನ್ನು ಒತ್ತಿಟ್ಟು, ಒಂದು ಕಣ್ಣು ಮುಚ್ಚಿ ನೋಡುವುದು ಅವರ ಪದ್ಧತಿ. ಎಣ್ಣೆ ಹಚ್ಚಿದರೆ ಚರ್ಮದ ಹೊಳಪು ಅಡಗಿ ಒಳಗಿನ ಬಣ್ಣ ಕಾಣುತ್ತದಂತೆ. ಆ ಮಸೂರದ ಹೆಸರು ಡರ್ಮೋಸ್ಕೋಪ್. ಶಹಾಬಾದಿನ ಜನಕ್ಕೆ ಅದು ದುರ್ಬೀನು. ತುರಿಕೆಗೆ ಮುಲಾಮು ಕೇಳಲು ಬಂದವರ ಮಚ್ಚೆಗಳನ್ನೂ ಬಿಡದೆ ನೋಡುತ್ತಿದ್ದರು. ಹೊತ್ತಾಗುತ್ತದೆಂದು ಗೊಣಗಿದವರಲ್ಲಿ ನಾನೂ ಒಬ್ಬ.

ಅಪ್ಪ ಭಂಕೂರಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಕಡಿಯುತ್ತಿದ್ದ. ಅಂಗಾಲಲ್ಲಿ ಕಪ್ಪು ಚುಕ್ಕೆ ಕಂಡರೆ ಆ ಕೆಲಸದವರು ಹೆದರುವುದಿಲ್ಲ; ಕಲ್ಲಿನ ಚೂರು ಹೊಕ್ಕಿದೆ ಎಂದು ಬ್ಲೇಡಿನಿಂದ ಕೆರೆಯುತ್ತಾರೆ. ಅಪ್ಪನೂ ವರ್ಷವಿಡೀ ಕೆರೆದಿದ್ದ. ಕೈ ತುರಿಕೆಗೆಂದು ನನ್ನ ಜೊತೆ ಹೋದ ದಿನ, ಮಂಚ ಹತ್ತಿದವನ ಅಂಗಾಲಿನ ಹಿಮ್ಮಡಿಯ ಚುಕ್ಕೆಯ ಮೇಲೆ ಡಾಕ್ಟರಬಾಯಿಯವರ ಕಣ್ಣು ಬಿತ್ತು.

"ಕಲ್ಲಿನ ಚೂರ ಅದರಿ ಬಾಯಾರ, ಕೆರದ್ರ ಹೋಗ್ತದ" ಎಂದ ಅಪ್ಪ.

ಅವರು ಬಹಳ ಹೊತ್ತು ನೋಡಿ, ಮಸೂರವನ್ನು ನನ್ನ ಕೈಗೆ ಕೊಟ್ಟರು. ಅಂಗಾಲಿನ ಗೆರೆಗಳು ಉತ್ತ ಹೊಲದಂತೆ ಕಂಡವು.

"ಸಾಲಿನ ತಗ್ಗಿನಾಗ ಕರಿ ಇದ್ದಿದ್ರ ಸುಮ್ಮ ಕಳಸ್ತಿದ್ದೆ. ಇದು ಉಬ್ಬಿದ ದಿಂಡಿನ ಮ್ಯಾಗ ಕುಂತದ. ಚರ್ಮದ ಕ್ಯಾನ್ಸರ್ ಹಿಂಗ ಕುಂದ್ರತದ; ಭಾಳ ಮಂದಿಗಿ ಬರಂಗಿಲ್ಲ, ಬಂದಾಗ ತಡಾ ಮಾಡಿದ್ರ ಬಿಡಂಗಿಲ್ಲ. ನನಗ ಅನುಮಾನ ಅದ. ತುಣುಕು ತಗದು ಪರೀಕ್ಷಾ ಮಾಡಿದ್ರ ಖರೆ ತಿಳೀತದ."

ಅಪ್ಪ ಹೆದರಿ ಆ ಕಡೆ ತಲೆ ಹಾಕುವುದನ್ನೇ ಬಿಟ್ಟ. ಭಾನುವಾರ ಡಾಕ್ಟರಬಾಯಿಯೇ ಟಂಟಂ ಆಟೋ ಹತ್ತಿ ಮನೆಗೆ ಬಂದರು. ನೆಲದ ಮೇಲೆ ಕೂತು ಅವನ ಕಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಅಪ್ಪ ನಾಚಿ ಹಿಡಿಯಾದ.

"ಓದಿದ ಹೆಣಮಗಳು ನೀವು, ನನ್ನ ಕಾಲ ಮುಟ್ಟಬ್ಯಾಡ್ರಿ."

"ಹಂಗಾರ ನೀವೇ ಬರ್ರಿ. ಇಲ್ಲಂದ್ರ ವಾರಕ್ಕೊಮ್ಮಿ ಬಂದು ಮುಟ್ತೀನಿ."

ಅಪ್ಪ ಕಾಲು ಎಳೆದುಕೊಂಡು, ಬರುತ್ತೇನೆಂದು ತಲೆಯಾಡಿಸಿದ. ಮರುದಿನವೇ ಹೋದ.

ಅನುಮಾನ ನಿಜವಾಯಿತು. ಆಪರೇಷನ್ ಮಾಡಿ ಹಿಮ್ಮಡಿಯ ಒಂದು ಭಾಗವನ್ನು ತೆಗೆದರು. ಅಪ್ಪ ಕುಂಟಿದ, ಆದರೆ ಬದುಕಿದ. ನನ್ನ ಮದುವೆ ಮಾಡಿದ, ಮೊಮ್ಮಕ್ಕಳನ್ನು ಆಡಿಸಿದ. ಆ ವರ್ಷಗಳೆಲ್ಲ ಡಾಕ್ಟರಬಾಯಿ ಕೊಟ್ಟವು. ಅದನ್ನು ಅವರ ಎದುರಿಗೆ ನಾನು ಒಮ್ಮೆಯೂ ಹೇಳಲಿಲ್ಲ, ಆ ಸಂಕಟ ಇನ್ನೂ ಇದೆ.

ಡಾಕ್ಟರಬಾಯಿ ತೀರಿಕೊಂಡ ದಿನ ಅಪ್ಪ ಕುಂಟುತ್ತಲೇ ಜನರನ್ನು ಸರಿಸಿ ಚಟ್ಟದ ಹತ್ತಿರ ಹೋದ. ಹೊರುವುದು ನಿನ್ನ ಕೈಲಾಗದು ಎಂದು ತಡೆದೆ.

"ಅವರಿಲ್ಲದಿದ್ರ ನೀವೆಲ್ಲಾ ನನ್ನ ಹೆಣಾ ಹೊತ್ತು ಎಷ್ಟೋ ವರ್ಷ ಆಗ್ತಿತ್ತು" ಎಂದು ಹೆಗಲು ಕೊಟ್ಟ.